ಚಂದ್ರಾಮನ ಚಕ್ರದ ಕಡಗೋಲು

ಹೊಳೆದಂಡೆಯ ಮಠದಲ್ಲಿ ಒಪ್ಪತ್ತಜ್ಜ ಅಂತ ಒಬ್ಬ ಗುರು ಇದ್ದ. ದಿನಕ್ಕೆ ಒಂದೇ ಸಲ ಉಣ್ಣುತ್ತಾನೆ ಅಂತ ಆ ಹೆಸರು. ಆ ಒಂದು ಊಟ ಎಷ್ಟು ಹೊತ್ತು ನಡೆಯುತ್ತಿತ್ತು ಅನ್ನೋದನ್ನ ಅಡುಗೆಯವರೇ ಹೇಳಬೇಕು.

ಅವನ ಹಿರಿಯ ಶಿಷ್ಯ ಚಂದ್ರಾಮ. ಕೈ ಬಲು ಚುರುಕು. ಕಿವಿ ಮಾತ್ರ ಮಂದ, ಹೊಗಳಿಕೆ ಬಿಟ್ಟು ಬೇರೆ ಕೇಳಿಸುತ್ತಿರಲಿಲ್ಲ.

ಮಜ್ಜಿಗೆ ಕಡೆಯಲು ಹೆಂಗಸರು ಎರಡೂ ಕೈಯಲ್ಲಿ ಹಗ್ಗ ಎಳೆಯುತ್ತಾರಲ್ಲ, ಆ ಕಷ್ಟ ತಪ್ಪಿಸುತ್ತೇನೆ ಅಂತ ಹೊರಟ. ನಾಲ್ಕು ಜನ ಕಿರಿಯರನ್ನು ಕೂಡಿಸಿಕೊಂಡು, ಒಂದೇ ಕೈಯಲ್ಲಿ ಹಿಡಿಕೆ ತಿರುಗಿಸಿದರೆ ಸುತ್ತುವ ಚಕ್ರದ ಕಡಗೋಲು ಮಾಡಿದ. ಹತ್ತು ಮಾಡಿ ಹತ್ತು ಮನೆಗೆ ಕೊಟ್ಟ.

ಹತ್ತೂ ಮನೆಯವರು ಹೊಗಳಿದರು. ಮಠದವನೇ ಬಾಗಿಲಿಗೆ ಬಂದು ಹೇಗಿದೆ ಅಂತ ಕೇಳಿದರೆ ಯಾರು ತಾನೆ ಕೆಟ್ಟದ್ದು ಅಂದಾರು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವರು ನಕ್ಕದ್ದು ಹೊಳೆಗೆ ಗೊತ್ತು.

ಕಿರಿಯರಲ್ಲಿ ತಿಪ್ಪಣ್ಣ ಅನ್ನುವವನೊಬ್ಬ, ಅಣ್ಣಾ, ಯಾರೂ ಅದರಲ್ಲಿ ಕಡೆಯುತ್ತಿಲ್ಲ ಅಂದ. ಮಾರನೇ ದಿನದಿಂದ ತಿಪ್ಪಣ್ಣನಿಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚುವ ಕೆಲಸ. ಉಳಿದ ಮೂವರ ಬಾಯಿ ತಾನಾಗಿಯೇ ಮುಚ್ಚಿತು.

ಒಂದು ಬೆಳಿಗ್ಗೆ ಚಂದ್ರಾಮ ಕೊಡಲಿ ಹಿಡಿದು ಬಂದ. ಇನ್ನೂ ನೂರು ಕಡಗೋಲು ಮಾಡಬೇಕು, ಅದಕ್ಕೆ ಅಂಗಳದ ಹಳೇ ಬೇವಿನ ಮರ ಕಡಿಯಲು ಅಪ್ಪಣೆ ಬೇಕು ಅಂದ.

ಅಜ್ಜ ಕೂತಿದ್ದದ್ದೇ ಆ ಮರದ ಕೆಳಗೆ. ಮಠಕ್ಕೆ ಇದ್ದ ನೆರಳು ಅದೊಂದೇ.

ಅಜ್ಜ ಸಿಟ್ಟಾಗಲಿಲ್ಲ.

"ಕೊಟ್ಟ ಹತ್ತನ್ನೂ ವಾಪಸ್ ಇಸಕೊಂಡು ಬಾ. ಆಮೇಲೆ ಕಡಿಯೋಣ."

ಸಂಜೆ ಹೊತ್ತಿಗೆ ಚಂದ್ರಾಮ ಗಾಡಿ ಹೊಡೆದುಕೊಂಡು ಬಂದ. ಗಾಡಿಯಲ್ಲಿ ಒಂಬತ್ತು ಕಡಗೋಲು. ಧೋತರ ಅರ್ಧ ಹರಿದಿತ್ತು, ಉಳಿದರ್ಧ ಕೈಯಲ್ಲಿತ್ತು. ದಾರಿಯುದ್ದಕ್ಕೂ ಊರೇ ಕಟ್ಟೆಗೆ ಬಂದು ಕೂತು ನೋಡಿತು.

"ಒಂಬತ್ತು ಮನೆಯವರು ಮರ್ಯಾದೆಯಿಂದ ಕೊಟ್ಟರು ಅಜ್ಜಾ. ಕೆಲವರು ಧೂಳು ಒರೆಸಿ ಕೊಟ್ಟರು. ಒಬ್ಬಾಕೆ ಅದರ ಮೇಲೆ ಕೂತಿದ್ದ ಕೋಳಿ ಓಡಿಸಿ, ತಾನೇ ಗಾಡಿಗೆ ಏರಿಸಿದಳು."

"ಹತ್ತನೆಯದು?"

"ಮೂಲೆಮನೆ ಪಾರವ್ವ. ಕೊಡಲ್ಲ ಅಂದಳು. ಎತ್ತಿಕೊಂಡು ಹೊರಟೆ. ನಡುಬೀದಿಯಲ್ಲಿ ಧೋತರ ಹಿಡಿದು ಎಳೆದಳು. ಧೋತರ ಉಳಿಸಿಕೊಳ್ಳಲು ಹೋಗಿ ಕಡಗೋಲು ಬಿಟ್ಟೆ. ಒಳಗೆ ಒಯ್ದು ಅಗಳಿ ಹಾಕಿಕೊಂಡಳು. ಅವಳನ್ನ ಕರೆಸಿ ಬುದ್ಧಿ ಹೇಳಬೇಕು."

"ಯಾವ ಕೈಯಲ್ಲಿ ಎಳೆದಳು?"

ಚಂದ್ರಾಮ ನೆನಪು ಮಾಡಿಕೊಂಡ.

"ಎಡಗೈ. ಬಲಗೈ ಹೋದ ವರ್ಷ ಲಕ್ವಾ ಹೊಡೆದು ಬಿದ್ದುಹೋಗಿದೆಯಲ್ಲ."

ಹೇಳಿದವನು ಗಾಡಿಯ ಕಡೆ ತಿರುಗಿದ. ಗಾಡಿಯಲ್ಲಿದ್ದ ಒಂಬತ್ತನ್ನೂ ಒಂದೊಂದಾಗಿ ನೋಡಿದ. ಒಂದರ ಹಲ್ಲಿಗೂ ಬೆಣ್ಣೆ ಅಂಟಿರಲಿಲ್ಲ.

"ಅವಳಿಗೆ ಅಂತ ನಾನು ಮಾಡಿರಲಿಲ್ಲ ಅಜ್ಜಾ," ಅಂದ, ಈ ಸಲ ಮೆಲ್ಲಗೆ. "ಉಳಿದವರು ಯಾಕೆ ಮೂಲೆಗಿಟ್ಟರು? ಕೇಳಿದರೆ ಮತ್ತೆ ಹೊಗಳುತ್ತಾರೆ. ಯಾರನ್ನ ಕೇಳಲಿ?"

ಅಜ್ಜ ಕೊಡಲಿ ತೆಗೆದುಕೊಂಡು ತನ್ನ ಚಾಪೆಯ ಕೆಳಗಿಟ್ಟ. ಅದರ ಮೇಲೆ ಕೂತ.

"ಕೊಟ್ಟಿಗೆಗೆ ಹೋಗು. ನಿನ್ನ ಧೋತರ ಎಳೆಯುವವನು ಅಲ್ಲಿ ಇನ್ನೊಬ್ಬನಿದ್ದಾನೆ."