ತೆರೆದ ಬಾಗಿಲು ಕಾಣದ ಕನ್ನಡಿ

ಡಂಗುರದವನು ಬೀದಿ ಕೂಡುವಲ್ಲಿ ನಿಂತು ತಮಟೆ ಬಡಿದ. “ಕೇಳ್ರಪ್ಪೋ ಕೇಳಿ! ಊರಬಾಗಿಲ ಕನ್ನಡಿ ಮೂರು ಒಗಟು ಹಾಕಿದೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ತಪ್ಪು ಹೇಳಿದವರಿಗೆ ಹುಣ್ಣಿಮೆ ಕಳೆದ ಮೇಲೆ ತಲೆದಂಡ. ರಾಜಕುಮಾರಿ ಪುಟ್ಟಮ್ಮಣ್ಣಿಯವರ ಅಪ್ಪಣೆ!”

ಆ ಕನ್ನಡಿಯ ವಿಷಯ ಮೊದಲು ಹೇಳಿಬಿಡಬೇಕು. ಈಗ ನಾವು ಫೋನು ತೆಗೆದು ಹತ್ತಿರದಲ್ಲಿ ಒಳ್ಳೆಯ ದರ್ಜಿ ಯಾರಿದ್ದಾರೆ ಎಂದು ಹುಡುಕುತ್ತೇವಲ್ಲ, ಹೊಳೆಗಡಿ ಪಟ್ಟಣದಲ್ಲಿ ಆ ಕೆಲಸಕ್ಕೆ ಒಂದು ಕನ್ನಡಿ ಇತ್ತು. ಎದುರು ನಿಂತು ಕೇಳಿದರೆ ಹೆಸರುಗಳನ್ನು ಒಂದರ ಕೆಳಗೊಂದು ತೋರಿಸುತ್ತಿತ್ತು. ಜನ ಹೇಳಿದ್ದಷ್ಟೇ ಅದಕ್ಕೆ ಗೊತ್ತು. ತಾನೇ ಹೋಗಿ ನೋಡಿ ಬರಲು ಅದಕ್ಕೇನು ಕಾಲಿತ್ತೇ? ಹೆಚ್ಚು ಜನ ಹೊಗಳಿದವನು ಮೇಲೆ, ಹೊಗಳಿಸಿಕೊಳ್ಳದವನು ಕೆಳಗೆ. ತನ್ನ ಮನೆಯ ವಿಷಯ ತಾನೇ ಹೇಳಿಕೊಂಡರೆ ಅದು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಮಜ್ಜಿಗೆ ಮಾರುವ ಮುದ್ದಯ್ಯನ ತಾಯಿ ನಿಂಗಾಜಮ್ಮನ ಹೆಸರು ಅದರಲ್ಲಿ ಕಾಣುತ್ತಲೇ ಇರಲಿಲ್ಲ. ಗಂಟಲಲ್ಲಿ ಮುಳ್ಳೋ ಬೀಜವೋ ಸಿಕ್ಕಿಕೊಂಡರೆ ತೆಗೆಯುವುದರಲ್ಲಿ ಆಕೆಯದು ಎತ್ತಿದ ಕೈ. ಆದರೆ ಗಂಡ ತೀರಿಕೊಂಡ ಮೇಲೆ ಆಕೆಯ ಹತ್ತಿರ ಒಬ್ಬರೂ ಬಂದಿರಲಿಲ್ಲ. ದಿನವೂ ಜಗಲಿ ಸಾರಿಸಿ, ಕೈ ತೊಳೆದು, ಕಾಯುತ್ತ ಕೂರುತ್ತಿದ್ದಳು. “ನನ್ನ ಕೈಗುಣ ಹೊಂಟೋಯ್ತೇನೋ ಮಗಾ” ಎನ್ನುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ಹೀಗೇ ಬಿಟ್ಟರೆ ಅವ್ವ ಉಳಿಯುವುದಿಲ್ಲ ಎಂದು ಮುದ್ದಯ್ಯನಿಗೆ ಗೊತ್ತಾಗಿತ್ತು. ಡಂಗುರ ಕೇಳಿದವನೇ ಗಡಿಗೆ ಇಳಿಸಿ ಊರಬಾಗಿಲಿಗೆ ಹೊರಟ.

ಅಲ್ಲಿ ರಾಜಕುಮಾರಿ ಬಿಳಿ ಸೀರೆಯುಟ್ಟು ಕೂತಿದ್ದಳು. ಪುಟ್ಟ ತಮ್ಮ ತೀರಿಕೊಂಡ ದಿನದಿಂದ ಆಕೆ ನಕ್ಕವಳಲ್ಲ. ಮಗು ಹೇಗೆ ಸತ್ತಿತೆಂದು ಅರಮನೆಯವರು ಹೊರಗೆ ಬಿಟ್ಟುಕೊಟ್ಟಿರಲಿಲ್ಲ.

“ನನ್ನ ತಮ್ಮನನ್ನು ಉಳಿಸುವವರು ಈ ಊರಲ್ಲಿ ಯಾರೂ ಇರಲಿಲ್ಲವೇ ಎಂದು ಕನ್ನಡಿಯನ್ನು ಕೇಳಿದೆ. ಅದು ಒಗಟು ಹಾಕಿತು,” ಎಂದಳು. “ಮೊದಲನೆಯದು ಕೇಳಿ. ತೆರೆದೇ ಇರುವ ಬಾಗಿಲು ಊರಿಗೆಲ್ಲ ಮುಚ್ಚಿದ ಬಾಗಿಲಾಗಿದೆ. ಯಾವುದದು?”

ಹೆಸರು ಮೇಲೆ ತರಿಸಿಕೊಡುತ್ತೇನೆಂದು ಅಂಗಡಿಯವರ ತಲೆ ತಿನ್ನುತ್ತಿದ್ದ ಕನ್ನಡಿ ಪಂಡಿತನೊಬ್ಬ ಮೀಸೆ ತಿರುವಿ, “ಸ್ವರ್ಗದ ಬಾಗಿಲು” ಎಂದ. ಕನ್ನಡಿ ಕಪ್ಪಿಟ್ಟಿತು. ಭಟರು ಅವನನ್ನು ಸೆರೆಗೆ ಎಳೆದೊಯ್ದರು. ಸಾಮಂತನ ಮಗ “ಜಿಪುಣನ ಮನೆ ಬಾಗಿಲು” ಎಂದ. ಅವನಿಗೂ ಅದೇ ಗತಿಯಾಯಿತು. ಉಳಿದವರೆಲ್ಲ ಹಿಂದೆ ಸರಿದರು.

ಮುದ್ದಯ್ಯ ಮುಂದೆ ಬಂದ. “ಅದು ನಮ್ಮನೆ ಬಾಗ್ಲು ಅಮ್ಮಣ್ಣಿ. ಅಪ್ಪಯ್ಯ ಹೋದಾಗ ಸೂತಕ ಅಂತ ಹಾಕಿದ್ವಿ. ಮುಚ್ಚೈತೆ ಅಂತ ಹಾದಿಹೋಕರು ಯಾರೋ ಕನ್ನಡಿಗೆ ಹೇಳವ್ರೆ. ತಿಥಿ ಮುಗಿಸಿ ತೆಗೆದ್ವಿ. ತೆಗೆದವ್ರೆ ಅಂತ ಯಾರೂ ಹೇಳ್ಲಿಲ್ಲ.”

ಕನ್ನಡಿ ತಿಳಿಯಾಯಿತು. ಜನ ಉಸಿರು ಬಿಟ್ಟರು.

“ಬದುಕಿಸಿದವಳು ಒಬ್ಬಳು, ಬದುಕಿದವರು ನೂರಾರು,” ಎಂದಳು ರಾಜಕುಮಾರಿ. “ಅವರಲ್ಲಿ ಒಬ್ಬರೂ ಅವಳನ್ನು ಹೊಗಳಲಿಲ್ಲ. ಹಾಗೆಂದು ಅವರು ಉಪಕಾರ ಮರೆತವರೂ ಅಲ್ಲ. ಯಾರವಳು?”

“ಅದೂ ನಮ್ಮವ್ವನೇ. ಕೈಗುಣ ಇರೋರ ತಾವ ವಾಸಿಯಾದೋರು ಹೊಗಳಬಾರ್ದು, ಹೋಗಿ ಬತ್ತೀವಿ ಅನ್ನಬಾರ್ದು. ಅಂದ್ರೆ ಕಾಯಿಲೆನೂ ತಿರುಗಿ ಬತ್ತದೆ. ಸುಮ್ಕೆ ಎದ್ದು ಹೋಗೋದೇ ವಾಡಿಕೆ.”

ಕನ್ನಡಿ ಇನ್ನೂ ತಿಳಿಯಾಯಿತು.

“ಮೂರನೆಯದು. ಒಬ್ಬನನ್ನು ಊರೇ ಹೊಗಳುತ್ತದೆ. ಹೊಗಳಿದವರಲ್ಲಿ ಒಬ್ಬರೂ ಅವನ ಹೊಸ್ತಿಲು ತುಳಿದಿಲ್ಲ. ಏಕೆ?”

ಮುದ್ದಯ್ಯ ನೆಲ ನೋಡಿದ. ಉತ್ತರ ಗೊತ್ತಿಲ್ಲದೆ ಅಲ್ಲ, ಚೆನ್ನಾಗಿ ಗೊತ್ತಿದ್ದರಿಂದ. ಹೇಳದಿದ್ದರೆ ಅವ್ವ ಜಗಲಿಯ ಮೇಲೇ ಸವೆದುಹೋಗುತ್ತಾಳೆ. ಅವನು ಕಣ್ಣು ಮುಚ್ಚಿ ಹೇಳಿಬಿಟ್ಟ. “ಕೆಳಕೇರಿ ವೈದ್ಯನ ಆಳು ಇಲ್ಲೇ ನಿಂತ್ಕೊಂಡು ಎಳ್ಳುಂಡೆ ಹಂಚ್ತಾನೆ ಅಮ್ಮಣ್ಣಿ. ತಿಂದೋರು ಕನ್ನಡಿ ಮುಂದೆ ವೈದ್ಯನ್ನ ಹೊಗಳಬೇಕು. ಎಲ್ರೂ ಹೊಗಳಿದ್ರು. ನಾನೂ ತಿಂದೆ. ನಾನೂ ಹೊಗಳ್ದೆ.”

ಕನ್ನಡಿ ನೀರಿನಂತೆ ತಿಳಿಯಾಯಿತು. ರಾಜಕುಮಾರಿ ಎದ್ದು ನಿಂತಳು.

“ತಮ್ಮನ ಗಂಟಲಲ್ಲಿ ಹುಣಸೆ ಬೀಜ ಸಿಕ್ಕಿತ್ತು. ಎಲ್ಲರಿಗಿಂತ ಮೇಲೆ ಆ ವೈದ್ಯನ ಹೆಸರಿತ್ತು. ಅವನ ಮನೆಗೆ ಊರು ದಾಟಿ ಹೋದೆವು. ಅವನಿಗೆ ಏನೂ ತೋಚಲಿಲ್ಲ.” ಆಕೆ ಮುದ್ದಯ್ಯನ ಕಡೆ ತಿರುಗಿದಳು. “ನಿಮ್ಮ ಮನೆ ಎಲ್ಲಿ?”

“ಅರಮನೆ ಹಿಂದಲ ಬೀದಿ.”

ಪಕ್ಕದಲ್ಲಿದ್ದ ಮಂತ್ರಿ, ಸುಳ್ಳು ಹೊಗಳಿದವನೆಂದು ಮುದ್ದಯ್ಯನ ಮೇಲೆ ಕತ್ತಿ ಹಿರಿದ. ಆಕೆ ತಡೆದಳು. “ಬೇಡ, ಸಾವು ಸಾಕು. ಸೆರೆಯಲ್ಲಿದ್ದವರನ್ನೂ ಬಿಡಿ. ನಿನಗೇನು ಬೇಕು ಕೇಳು.”

“ನಮ್ಮವ್ವನ ಬಾಗ್ಲು ತೆರೆದೈತೆ ಅಂತ ಒಂದು ಮಾತು ಇದಕ್ಕೆ ಹೇಳಿ. ಬೇರೇನೂ ಬ್ಯಾಡ.”

“ನೋಡದೆ ಹೇಳಲಾರೆ. ನೋಡದೆ ಹೇಳಿದ್ದರಿಂದಲೇ ನನ್ನ ತಮ್ಮ ಹೋದದ್ದು.” ಆಕೆ ಬರಿಗಾಲಲ್ಲೇ ಮುದ್ದಯ್ಯನ ಹಿಂದೆ ನಡೆದಳು.

ನಿಂಗಾಜಮ್ಮ ಜಗಲಿಯ ಮೇಲಿದ್ದಳು. ರಾಜಕುಮಾರಿ ಹೇಳಿದ್ದನ್ನೆಲ್ಲ ಕೇಳಿದಳು.

“ಅವತ್ತು ಪಲ್ಲಕ್ಕಿ ಇಲ್ಲೇ ಮುಂದೆ ಹೋಯ್ತು ತಾಯೀ,” ಎಂದಳು. “ಅರಮನೆ ಪಲ್ಲಕ್ಕಿ ಬಂದ್ರೆ ತಲೆ ತಗ್ಗಿಸಬೇಕಲ್ವಾ, ತಗ್ಗಿಸಿದ್ದೆ. ಮಗೀನ ಕೆಮ್ಮು ಕೇಳಿಸ್ತು. ನಾನು ತಲೆ ಎತ್ತಲಿಲ್ಲ.”

ರಾಜಕುಮಾರಿ ಆ ಮುದಿ ಕೈಗಳನ್ನು ಹಿಡಿದು, ಅವುಗಳಲ್ಲಿ ಮುಖವಿಟ್ಟು ಅತ್ತಳು. ಮುದ್ದಯ್ಯ ಕಂಬಕ್ಕೆ ಒರಗಿ ನಿಂತಿದ್ದ. ತಿಂದ ಎಳ್ಳುಂಡೆಯ ಸಿಹಿ ನೆನಪಾಗಿ ಮುಖ ಆಚೆ ತಿರುಗಿಸಿದ.

ರಾಜಕುಮಾರಿ ಹಿಂದಿರುಗಿ ಕನ್ನಡಿಗೆ, ಬಾಗಿಲು ತೆರೆದಿದೆ, ನಾನೇ ನೋಡಿದೆ ಎಂದು ಹೇಳಿದಳು. ಬೇಡವೆಂದರೂ ಕೇಳದೆ ಹೊಳೆದಂಡೆಯ ಗದ್ದೆಯೊಂದನ್ನು ಆ ಮನೆಗೆ ಬಿಟ್ಟುಕೊಟ್ಟಳು. ಸಂಜೆಗೇ ಒಬ್ಬ ಹೆಂಗಸು ಮೀನುಮುಳ್ಳು ಸಿಕ್ಕಿಸಿಕೊಂಡ ಮಗುವನ್ನು ಎತ್ತಿಕೊಂಡು ಓಡಿಬಂದಳು. ನಿಂಗಾಜಮ್ಮ ಕೈ ತೊಳೆದು ಮಗುವಿನ ಬಾಯೊಳಗೆ ಬೆರಳಿಟ್ಟಳು. ಮುಳ್ಳು ಬಂತು. ಮಗು ಬೀದಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಅತ್ತಿತು.

ಮುದ್ದಯ್ಯ ತಲೆಯೆತ್ತಿ ನೋಡಿದ. ಅರಮನೆಯ ಹಿಂಬದಿಯ ಕಿಟಕಿಯಲ್ಲಿ ರಾಜಕುಮಾರಿ ಇದ್ದಳು. ಆ ಮಗುವಿನ ಅಳು ನಿಲ್ಲುವವರೆಗೂ ಅಲ್ಲೇ ನಿಂತಿದ್ದಳು.