ಸಾತವ್ವನ ಬಾಗಿಲ ರಂಗೋಲಿ

ಹೊಳೆದಂಡೆಯ ಆಶ್ರಮದಲ್ಲಿ ಅಡವಯ್ಯ ಎಂಬ ಗುರುಗಳಿದ್ದರು. ಅವರಿಗೆ ಒಬ್ಬನೇ ಶಿಷ್ಯ, ಹೊನ್ನಯ್ಯ. ಮೂವತ್ತು ದಾಟಿದ ಮೇಲೆ ಬಟ್ಟೆ ಅಂಗಡಿಯ ಕೆಲಸ ಬಿಟ್ಟು ಬಂದವನು. ಒಳ್ಳೆಯವನೇ. ಆದರೆ ಒಳ್ಳೆಯವನಾಗಲು ಅವನಿಗೆ ಬಹಳ ಅವಸರ.

ಗುರುಗಳು ದಿನಾ ಮಧ್ಯಾಹ್ನ ಜೋಳಿಗೆ ಹಾಕಿಕೊಂಡು ಊರೊಳಗೆ ಹೋಗಿ ಸಾತವ್ವನ ಬಾಗಿಲಲ್ಲಿ ನಿಲ್ಲುತ್ತಿದ್ದರು. ಸಾತವ್ವನಿಗೆ ಎಂಬತ್ತರ ಹತ್ತಿರ ವಯಸ್ಸು, ಒಬ್ಬಳೇ ಇರುವವಳು. ನಡುಗುವ ಕೈಯಲ್ಲಿ ತಟ್ಟಿದ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು ಜೋಳಿಗೆಗೆ ಹಾಕುತ್ತಿದ್ದಳು. ತಡವಾಗಿ ಬಂದರೆ ನಾಲ್ಕು ಮಾತು ಬೈಯುತ್ತಲೂ ಇದ್ದಳು.

ಹೊನ್ನಯ್ಯನಿಗೆ ಇದು ಸರಿಬರಲಿಲ್ಲ.

"ಗುರುಗಳ, ಆಕಿ ಮುದುಕಿ, ಬಡವಿ. ಆಕಿಗೆ ನಾವು ಕೊಡಬೇಕೋ, ಆಕಿ ಕಡೆಯಿಂದ ಇಸಗೋಬೇಕೋ?"

"ಇವತ್ತಿನ ರೊಟ್ಟಿ ತುಸು ದಪ್ಪ ಆಗೇತಿ," ಎಂದರು ಗುರುಗಳು, ಅಗಿಯುತ್ತಾ.

ಇದೆಂಥ ಉತ್ತರ ಎಂದು ಹೊನ್ನಯ್ಯನಿಗೆ ತಿಳಿಯಲಿಲ್ಲ. ಗುರುಗಳು ಕೊಡದಿದ್ದರೆ ತಾನೇ ಕೊಟ್ಟರಾಯಿತು ಎಂದುಕೊಂಡ. ಅದೂ ಯಾರಿಗೂ ಗೊತ್ತಾಗದ ಹಾಗೆ.

ಮರುದಿನ ಕೋಳಿ ಕೂಗುವ ಹೊತ್ತಿಗೆ ಸಾತವ್ವನ ಅಂಗಳಕ್ಕೆ ಹೋದ. ಕಸ ಗುಡಿಸಿ, ಸಗಣಿ ನೀರು ಚಿಮುಕಿಸಿ, ಬಾಗಿಲ ಮುಂದೆ ರಂಗೋಲಿ ಹಾಕಿದ. ಬಟ್ಟೆಯ ಮೇಲೆ ಗೆರೆ ಎಳೆದು ಪಳಗಿದ ಕೈ, ರಂಗೋಲಿ ನೆಟ್ಟಗೆ ಬಂತು. ಅವತ್ತು ಎಷ್ಟು ಖುಷಿಯಾಯಿತೆಂದರೆ, ಧ್ಯಾನಕ್ಕೆ ಕೂತರೂ ನಗು ತಡೆಯಲಾಗಲಿಲ್ಲ.

ಎರಡನೇ ದಿನ ಗೋಡೆಯ ಮರೆಯಲ್ಲಿ ನಿಂತು ನೋಡಿದ. ಸಾತವ್ವ ಬಕೆಟ್ಟು ಹಿಡಿದು ಹೊರಗೆ ಬಂದಳು. ಅಂಗಳ ನೋಡಿದಳು. ಓಣಿಯ ಆ ತುದಿ ಈ ತುದಿ ನೋಡಿದಳು. ಆಮೇಲೆ ತುಂಬಿದ ಬಕೆಟ್ಟನ್ನು ಹಾಗೇ ಒಳಗೆ ಒಯ್ದಳು. ಬೆರಗಾಗಿದ್ದಾಳೆ ಎಂದುಕೊಂಡ ಹೊನ್ನಯ್ಯ.

ವಾರ ಕಳೆಯುವಷ್ಟರಲ್ಲಿ ಬಕೆಟ್ಟು ಹೊರಗೆ ಬರುವುದೇ ನಿಂತಿತು. ಪಾಪ, ಈಗಲಾದರೂ ನೆಮ್ಮದಿಯಿಂದ ಮಲಗುತ್ತಾಳೆ ಎಂದು ಅವನಿಗೆ ಇನ್ನಷ್ಟು ಸಮಾಧಾನವಾಯಿತು.

ಒಂಬತ್ತನೇ ದಿನ ಮಧ್ಯಾಹ್ನ ಗುರುಗಳು ಬಾಗಿಲಲ್ಲಿ ನಿಂತಾಗ ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಕೇಳಲಿಲ್ಲ. ಕರೆದರು. ನರಳುವ ಸದ್ದು ಬಂತು. ಸಾತವ್ವ ಬೆಳಗ್ಗೆಯೇ ಹಿಂಬದಿಯ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿತ್ತು.

ಗುರುಗಳು ಅವಳ ಬಾಯಿಗೆ ನೀರು ಬಿಟ್ಟು ಮೂಳೆ ಕಟ್ಟುವವನನ್ನು ಕರೆಸಿದರು. ಅವನು ಕಾಲಿಗೆ ಬಿದಿರಿನ ಪಟ್ಟಿ ಕಟ್ಟಿ, "ಸಂಜಿ ತನಕ ಹಿಂಗ ಬಿದ್ದಿದ್ರ ಮುದುಕಿ ನಮಗ ಸಿಗತಿರಲಿಲ್ಲ," ಎಂದ.

ಸುದ್ದಿ ತಿಳಿದು ಹೊನ್ನಯ್ಯ ಓಡಿ ಬಂದ. ಎದುರು ಮನೆಯ ಬೇವಿನ ಮರದಡಿಯ ಕಟ್ಟೆಯ ಮೇಲೆ ಮುದುಕ ಫಕೀರಪ್ಪ ಕೂತಿದ್ದ. ಹೊನ್ನಯ್ಯನಿಗೆ ಸಿಟ್ಟು ನೆತ್ತಿಗೇರಿತು.

"ಎದುರಿಗೇ ಕುಂತೀಯಲ್ಲೋ ಯಜ್ಜಾ! ಮುಂಜಾನಿಂದ ಒಮ್ಮೆ ಹಣಿಕಿ ನೋಡಾಕ ಆಗಲಿಲ್ಲೇನು?"

"ದಿನಾ ನೋಡತೀನಪಾ," ಎಂದ ಫಕೀರಪ್ಪ. ಕಣ್ಣಲ್ಲಿ ನೀರಿತ್ತು. "ನನ್ನ ಕಣ್ಣು ಮಂಜ. ಗೆರಿ ಕಾಣೂದಿಲ್ಲ, ಬೆಳ್ಳಗಾದದ್ದು ಕಾಣತೈತಿ. ಆಕಿ ಅಂಗಳ ಬೆಳ್ಳಗ ಇದ್ರ ಆಕಿ ಎದ್ದಾಳ ಅಂತ ನನಗ ಗೊತ್ತಾಗತೈತಿ. ನನ್ನ ಟವೆಲ್ಲು ಬೇವಿನ ಟೊಂಗಿ ಮ್ಯಾಲಿದ್ರ ನಾ ಎದ್ದೀನಿ ಅಂತ ಆಕಿಗೆ. ಹನ್ನೆರಡು ವರ್ಷದಿಂದ ಹಿಂಗ ನಡದೈತಿ. ಇವತ್ತೂ ಬೆಳ್ಳಗ ಇತ್ತಲ್ಲೋ!"

ಹೊನ್ನಯ್ಯ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಇನ್ನೂ ರಂಗೋಲಿ ಪುಡಿ ಇತ್ತು.

"ಅದು ನಾ ಹಾಕಿದ್ದು, ಯಜ್ಜಾ."

ಫಕೀರಪ್ಪ ಮುಖ ಆ ಕಡೆ ತಿರುಗಿಸಿದ.

ಹೊನ್ನಯ್ಯ ಆಶ್ರಮಕ್ಕೆ ಬಂದು ಗುರುಗಳ ಮುಂದೆ ಕುಸಿದ.

"ಗುರುಗಳ, ನಾ ಮಾಡಿದ್ದು ಒಳ್ಳೇದೋ ಕೆಟ್ಟದ್ದೋ?"

"ಆಕಿ ಅಂಗಳದಾಗ ಒಂಬತ್ತು ದಿನ ಓಡಾಡೀದಿ. ಆಕಿ ಜೋಡಿ ಎಷ್ಟು ಮಾತಾಡೀದಿ?"

"ಒಂದೂ ಇಲ್ಲ. ಗೊತ್ತಾಗಬಾರದು ಅಂತ..."

ಗುರುಗಳು ಎದ್ದು ನೀರು ತರಲು ಹೊಳೆಗೆ ಹೋದರು.

ಮರುದಿನ ಬೆಳಗ್ಗೆ ಹೊನ್ನಯ್ಯ ರಂಗೋಲಿ ಬಟ್ಟಲು ಹಿಡಿದು ಸಾತವ್ವನ ಅಂಗಳದ ನಡುವೆ ನಿಂತ. ಹಾಕಿದರೆ ಮತ್ತೆ ಅದೇ ಸುಳ್ಳು. ಹಾಕದಿದ್ದರೆ ಸಾತವ್ವ ಏಳಲೇ ಇಲ್ಲವೆಂದು ಎದುರಿನ ಮುದುಕನ ಎದೆ ಒಡೆಯುತ್ತದೆ. ಯಾವುದು ಸರಿ ಎಂದು ಎಷ್ಟು ಯೋಚಿಸಿದರೂ ತಲೆಗೆ ಹೊಳೆಯಲಿಲ್ಲ. ಬಿಸಿಲು ಏರಿತು. ಬೇವಿನ ಟೊಂಗೆಯ ಮೇಲೆ ಟವೆಲ್ಲು ಬಂದಿತ್ತು. ಫಕೀರಪ್ಪ ಕೋಲೂರಿ ಮುಂದಕ್ಕೆ ಬಾಗಿ ಇತ್ತಲೇ ನೋಡುತ್ತಿದ್ದ.

ಹೊನ್ನಯ್ಯ ಮೊದಲ ಸಲ ಆ ಬಾಗಿಲು ತಟ್ಟಿದ.

"ಯಾರದು?"

"ನಾ, ಹೊನ್ನಯ್ಯ. ಒಳಗ ಬರ್ಲೇನವ್ವಾ?"

"ದಿನಾ ಕಳ್ಳನಂಗ ಬರತಿದ್ದವ ನೀನ ಅಂತಲ್ಲ? ಫಕೀರಪ್ಪ ಹೇಳಿದ. ಬಾ."

ಅವಳು ಹೊರಸಿನ ಮೇಲೆ ಮಲಗಿದ್ದಳು. ಮುಖ ಬಾಡಿತ್ತು, ಬಾಯಿ ಬಾಡಿರಲಿಲ್ಲ.

"ಎದ್ದ ಕೂಡಲೇ ಮಾಡಾಕ ನನಗ ಇದ್ದದ್ದ ಒಂದು ಕೆಲಸ. ಅದನ್ನೂ ಕಸಗೊಂಡಿ. ಎದ್ದು ಏನ ಮಾಡ್ಲಿ ಅಂತ ತಡಾ ಏಳಾಕ ಹತ್ತಿದೆ. ಯಾವ ದೆವ್ವ ರಂಗೋಲಿ ಹಾಕತೈತೋ ಅಂತ ಅಂಜಿಕಿ ಬ್ಯಾರೆ!"

"ತಪ್ಪಾತವ್ವಾ. ಈಗ ಏನ ಮಾಡ್ಲಿ? ನೀನ ಹೇಳು."

"ಹೊರಸು ಹೊಸ್ತಿಲ ತನಕ ಎಳಿ. ಕಾಲು ಅಲುಗಿಸಬ್ಯಾಡ. ಬಟ್ಟಲ ಇತ್ತ ತಾ."

ಅವನು ಮೆಲ್ಲಗೆ ಎಳೆದ. ಸಾತವ್ವ ಮಲಗಿದಲ್ಲಿಂದಲೇ ಕೈ ಚಾಚಿ ಹೊಸ್ತಿಲಾಚೆ ಒಂದು ಗೆರೆ ಎಳೆದಳು. ಸೊಟ್ಟ ಗೆರೆ, ನಡುವೆ ಎರಡು ಕಡೆ ತುಂಡಾಯಿತು. ಎದುರಿನ ಫಕೀರಪ್ಪ ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದ.

"ಆ ಕುರುಡಗ ಇಷ್ಟು ಸಾಲೂದಿಲ್ಲ," ಎಂದು ಸಾತವ್ವ ಇಡೀ ಬಟ್ಟಲನ್ನು ಅಂಗಳಕ್ಕೆ ಸುರುವಿದಳು.

ಫಕೀರಪ್ಪ ಟೊಂಗೆಯ ಮೇಲಿನ ಟವೆಲ್ಲು ಎಳೆದುಕೊಂಡು ಎರಡು ಸಲ ಬೀಸಿದ. ಆಮೇಲೆ ಅದರಲ್ಲೇ ಮುಖ ಒರೆಸಿಕೊಂಡ.

ಹೊನ್ನಯ್ಯ ಆಶ್ರಮಕ್ಕೆ ಮರಳಿದಾಗ ಗುರುಗಳು ಹೊಳೆಯ ಕಡೆ ಮುಖ ಮಾಡಿ ಕೂತಿದ್ದರು.

"ಗುರುಗಳ, ಇವತ್ತ ನಾ ಏನೂ ಮಾಡಲಿಲ್ಲ. ಹೊರಸು ಎಳದೆ, ಅಷ್ಟ. ಇದಕ್ಕ ಸೇವಾ ಅಂತಾರೋ ಇಲ್ಲೋ, ನನಗಂತೂ ಒಂದೂ ತಿಳೀವಲ್ದು."

ಗುರುಗಳು ಗೂಟಕ್ಕಿದ್ದ ಜೋಳಿಗೆ ತೆಗೆದು ಶಿಷ್ಯನ ಹೆಗಲಿಗೆ ಹಾಕಿದರು.

"ಇವತ್ತಿಂದ ಸಾತವ್ವನ ಮನಿಗೆ ನೀ ಹೋಗು."

"ಆಕಿ ಒಲಿ ಹಚ್ಚಿಲ್ಲ. ಗಂಜಿ ನಾವ ಕಳಸಾಕ ಹತ್ತೀವಿ. ಎದ್ದು ಕೂಡಾಕೂ ಬರದಾಕಿ ನನಗೇನು ಕೊಟ್ಟಾಳು?"

"ಬೈಗುಳ ಇನ್ನೂ ಭಾಳ ಉಳದಾವ," ಎಂದರು ಗುರುಗಳು. "ಜೋಳಿಗಿ ಅಗಲ ಮಾಡಿ ಹಿಡಿ."