ಹಸುವಿಗೆ ಕೊಟ್ಟ ಬಾಳೆಹಣ್ಣು

ಪಕ್ಕದ ಮನೆಯ ವಿಮಲಮ್ಮ ಸಕ್ಕರೆಯಿಲ್ಲದೆ ಮಾಡುವ ಕೇಕನ್ನು ಬೀದಿಗೆ ಬೀದಿಯೇ ಹೊಗಳುತ್ತಿತ್ತು. ಅಂಬುಜಾಕ್ಷಮ್ಮನವರಿಗೆ ಹೊಟ್ಟೆಯುರಿ. ಸ್ವಂತ ಗಂಡನೇ ಅಲ್ಲಿ ತಿಂದು ಬಾಯಿ ಚಪ್ಪರಿಸುತ್ತ ಬಂದ ದಿನ, ಅಡುಗೆಯವಳ ಮೇಲೆ ಹರಿಹಾಯ್ದರು.

"ನಾಳೆ ಅದಕ್ಕಿಂತ ಸಿಹಿಯಾದ ಕೇಕು ಮಾಡು. ಸಕ್ಕರೆ ಮುಟ್ಟಬೇಡ. ಆಗದಿದ್ರೆ ಕೆಲಸ ಬಿಡು!"

"ಆಗ್ಲಿ ಅಮ್ಮಾವ್ರೇ. ಪುಣ್ಯ ಬರಲಿ ಅಂತ ವಿಮಲಮ್ಮನ ಹಸುವಿಗೆ ದಿನಾ ಕಪ್ಪಾದ ಬಾಳೆಹಣ್ಣು ಕಳಿಸ್ತೀರಲ್ಲ, ಇವತ್ತು ಅದನ್ನ ನನಗೆ ಬಿಡಿ."

ಮರುದಿನದ ಕೇಕು ಜೇನಿನಂತಿತ್ತು. ಅಂಬುಜಾಕ್ಷಮ್ಮ ಬೀಗಿದರು.

"ಅವಳ ಮನೇಲಿ ಇವತ್ತು ಕೇಕಿನ ವಾಸನೇನೇ ಇಲ್ಲವಲ್ಲೇ?"

"ಹಣ್ಣು ಹೋಗಿಲ್ವಲ್ಲ ಅಮ್ಮಾವ್ರೇ. ಇಷ್ಟು ದಿನ ಹಸುವಿಗೆ ಸಿಕ್ಕಿದ್ದು ಬರೀ ಸಿಪ್ಪೆ."

ಬಾಯಲ್ಲಿದ್ದ ತುಂಡು ಅಲ್ಲೇ ನಿಂತಿತು. ಬೀದಿಯೆಲ್ಲ ಹೊಗಳಿದ್ದು ತಮ್ಮ ಮನೆಯ ಹಣ್ಣನ್ನು!

"ಇವತ್ತಿನ ಸಿಪ್ಪೆ ಎಲ್ಲಿ?"

"ಹಸುವಿಗೆ ಹಾಕಿದೆ."

"ಓಡು, ವಾಪಸ್ ತಗೊಂಡು ಬಾ!"